ಡಾಕ್ಟರು ಓಟಿಗೆ ನಿಂತರೆ ಜ್ವರಕ್ಕೆ ಯಾರು?

ಕಳೆದ ಮಾಗಿಯಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿ ಒಂದಿಷ್ಟು ತಗ್ಗಿದ ಮೇಲೆ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಯ ನಿಶ್ಚಿತಾರ್ಥಕ್ಕೆಂದು ನಾವು ಮೈಸೂರಿನ ಒಂಟಿಕೊಪ್ಪಲಿಗೆ ಹೋಗಿದ್ದೆವು. ಮಕ್ಕಳ ಓದಿಗೆಂದು ಅವರು ಅಲ್ಲೊಂದು ಮನೆ ಮಾಡಿ ಬಹಳ ವರ್ಷಗಳಾದವು. ಊಟವಾಗಿ, ಎಲೆ ಅಡಿಕೆ ತಟ್ಟೆ ನಡುವೆ ಬಂದು, ಮಾತು ಅಡಿಕೆಯ ಧಾರಣೆಯಿಂದ ಕೊಳೆರೋಗಕ್ಕೆ, ಕೊಳೆರೋಗದಿಂದ ರಾಜಕೀಯಕ್ಕೆ ತಿರುಗಿತು. ಆ ಸದಸ್ಯರ ಹೋಬಳಿಯಲ್ಲಿ ಇರುವವರು ಒಬ್ಬರೇ ಡಾಕ್ಟರು. ಅವರನ್ನು ಈ ಸಲ ಚುನಾವಣೆಗೆ ನಿಲ್ಲಿಸಬೇಕೆಂದು ಊರಿನ ಕೆಲವರು ದುಂಬಾಲು ಬಿದ್ದಿದ್ದಾರಂತೆ. ಎಲ್ಲರೂ ಒಳ್ಳೆಯದೇ ಆಯಿತೆಂದು ತಲೆದೂಗುತ್ತಿರುವಾಗ, ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ ಮನೆಯ ಹಿರಿಯಮ್ಮ ಕೇಳಿದರು:

‘ಅವ್ರು ಓಟಿಗೆ ನಿಂತ್ರೆ ರಾತ್ರಿ ಹೊತ್ತು ಜ್ವರ ಬಂದ್ರೆ ಯಾರ ಮನೆ ಬಾಗ್ಲು ಬಡೀಬೇಕು?’

‘ದೊಡ್ಡಮ್ಮಾ, ಅವ್ರು ಗೆದ್ರೆ ಊರಿಗೆ ಆಸ್ಪತ್ರೇನೇ ಬರುತ್ತಲ್ಲ’ ಎಂದ ಒಬ್ಬ ಹುಡುಗ.

‘ಆಸ್ಪತ್ರೆ ಬರುತ್ತೆ ಕಣಪ್ಪ. ಅದಕ್ಕೆ ಡಾಕ್ಟ್ರು ಬರ್ಬೇಕಲ್ಲ!’

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಸಂಜೆ ಒಂಟಿಕೊಪ್ಪಲಿನ ಬೀದಿಗಳಲ್ಲಿ ತಿರುಗಾಡುವಾಗ ಆಕೆಯ ಮಾತು ನಮ್ಮನ್ನು ಬಿಡಲಿಲ್ಲ. ಊರಿನ ವೈದ್ಯನೊಬ್ಬ ರಾಜಕೀಯಕ್ಕೆ ಇಳಿದರೆ ಅದು ಊರಿಗೆ ಲಾಭವೋ ನಷ್ಟವೋ? ನಮ್ಮ ನಾಡಿನಲ್ಲಿ ಹಾಗೆ ಇಳಿದವರು ಏನು ಮಾಡಿದರು? ಇದನ್ನು ಸ್ವಲ್ಪ ವಿವರವಾಗಿ ನೋಡೋಣವೆಂದು ಈ ಲೇಖನ.

ಒಂಟಿಕೊಪ್ಪಲಿನ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ತಿಥಿ ನಕ್ಷತ್ರ ನೋಡುವುದು ಒಂಟಿಕೊಪ್ಪಲ್ ಪಂಚಾಂಗದಲ್ಲೇ. ಕೊಪ್ಪಲು ಎಂದರೆ ಸಣ್ಣ ಹಳ್ಳಿ. ಆ ಹಳ್ಳಿ ಮೈಸೂರು ನಗರದೊಳಗೆ ಸೇರಿಹೋದ ಕಥೆಯಲ್ಲಿ ಒಂದು ರೋಗದ ಕಥೆಯೂ ಇದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರುಗಳನ್ನು ಹೊಕ್ಕಿತು. ಇಲಿ ಬಿತ್ತೆಂದರೆ ಮನೆ ಬಿಡು, ಊರ ಹೊರಗೆ ಗುಡಿಸಲು ಹಾಕು ಎಂಬ ಕಾಲ ಅದು. ಮೈಸೂರಿನ ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳಲ್ಲಿ ಗಾಳಿ ಬೆಳಕಿಲ್ಲ, ಚರಂಡಿಯಿಲ್ಲ ಎಂಬುದು ಆಗ ಸರ್ಕಾರದ ಕಣ್ಣಿಗೆ ಬಿತ್ತು. 1903ರಲ್ಲಿ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡು ಬಂತು. ಅಗಲ ರಸ್ತೆ, ಬಿಡಿಬಿಡಿ ನಿವೇಶನ, ನೀರು, ಚರಂಡಿಗಳಿರುವ ಹೊಸ ಬಡಾವಣೆಗಳು ಎದ್ದವು. ಒಂಟಿಕೊಪ್ಪಲಿಗೆ ಅಂಟಿಕೊಂಡ ವಾಣಿವಿಲಾಸ ಮೊಹಲ್ಲ ಆ ಕಾಲದ ಹೆಸರನ್ನೇ ಹೊತ್ತಿದೆ. ಅಲ್ಲಿಂದ ಕೃಷ್ಣರಾಜಸಾಗರದ ರಸ್ತೆ ಹಿಡಿದು ಹೋದರೆ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ. ಈ ರಸ್ತೆ ಚರಂಡಿಗಳನ್ನು ಮಾಡಿಸಿದ್ದು ಯಾವ ಡಾಕ್ಟರ ಮಾತ್ರೆಯೂ ಅಲ್ಲ, ಸರ್ಕಾರದ ಹಣ ಮತ್ತು ಹುಕುಂ. ಸಂಜೆಯ ತಿರುಗಾಟದಲ್ಲಿ ನಮಗೆ ಮೊದಲು ಹೊಳೆದದ್ದು ಇದು.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೊ. 1848ರಲ್ಲಿ ಸೈಲೀಸಿಯದ ಬಡ ಹಳ್ಳಿಗಳಲ್ಲಿ ಟೈಫಸ್ ಜ್ವರ ಹಬ್ಬಿದಾಗ ಅದನ್ನು ಪರೀಕ್ಷಿಸಲು ಸರ್ಕಾರ ಅವರನ್ನು ಕಳಿಸಿತು. ಅವರು ಬರೆದುಕೊಟ್ಟ ವರದಿಯಲ್ಲಿ ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ, ಕೂಲಿ, ಸ್ವಾತಂತ್ರ್ಯಗಳ ಮಾತಿತ್ತು. ಸರ್ಕಾರಕ್ಕೆ ಅದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ಅವರು ಬರ್ಲಿನ್ ನಗರಸಭೆಗೆ ಆಯ್ಕೆಯಾಗಿ ಆ ಊರಿನ ಒಳಚರಂಡಿಯ ಕೆಲಸಕ್ಕೆ ಹೆಗಲು ಕೊಟ್ಟರು.

ನಮ್ಮಲ್ಲಿ ಈ ದಾರಿಯನ್ನು ತುಳಿದವರಲ್ಲಿ ಮೊದಲು ನೆನೆಯಬೇಕಾದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಶಾಲೆಯಲ್ಲಿ ಬಿಳಿ ಟೊಪ್ಪಿ ಹಾಕಿ ಭಾರತ ಸೇವಾದಳದ ಸಾಲಿನಲ್ಲಿ ನಿಂತ ನಮ್ಮ ಅನೇಕ ಸದಸ್ಯರಿಗೆ ಅವರ ಹೆಸರು ಗೊತ್ತು. ಅವರು ವೈದ್ಯರೆಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ‘ಡಾಕ್ಟರ್’ ಎಂಬುದು ಗೌರವದ ಬಿರುದೆಂದು ನಾವೂ ಒಂದು ಕಾಲದಲ್ಲಿ ತಿಳಿದಿದ್ದೆವು.

ಹರ್ಡೀಕರರು ಹುಟ್ಟಿದ್ದು ಧಾರವಾಡದಲ್ಲಿ, 1889ರ ಮೇ 7ರಂದು. ಹುಬ್ಬಳ್ಳಿ ಧಾರವಾಡಗಳನ್ನು ಪ್ಲೇಗು ಸವರಿಹಾಕಿದಾಗ ಅವರಿಗೆ ಒಂಬತ್ತು ವರ್ಷ. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಮುಗಿಸಿ, 1913ರಲ್ಲಿ ಅಮೆರಿಕಕ್ಕೆ ಹೋದರು. ಹೆಚ್ಚಿನವರು ಹೊರದೇಶಕ್ಕೆ ಹೋಗುತ್ತಿದ್ದದ್ದು ದೊಡ್ಡ ಪದವಿ ತಂದು ದೊಡ್ಡ ಊರಿನಲ್ಲಿ ದವಾಖಾನೆ ತೆರೆಯಲಿಕ್ಕೆ. ಇವರು ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಆಯ್ದುಕೊಂಡ ವಿಷಯ ಸಾರ್ವಜನಿಕ ಆರೋಗ್ಯ. ರೋಗಿಯ ನಾಡಿ ಹಿಡಿಯುವ ವಿದ್ಯೆಯಲ್ಲ, ಊರಿನ ನಾಡಿ ಹಿಡಿಯುವ ವಿದ್ಯೆ ಎನ್ನಬಹುದು: ನೀರು ಎಲ್ಲಿಂದ ಬರುತ್ತದೆ, ಕೊಳೆ ಎಲ್ಲಿಗೆ ಹೋಗುತ್ತದೆ, ಒಂದೆಡೆ ನೂರು ಜನ ಸೇರಿದರೆ ರೋಗ ಹೇಗೆ ಹಬ್ಬುತ್ತದೆ. 1916ರಲ್ಲಿ ಆ ಪದವಿ ಅವರ ಕೈ ಸೇರಿತು.

ಅಷ್ಟರಲ್ಲಿ ಲಾಲಾ ಲಜಪತರಾಯರು ಅಮೆರಿಕದಲ್ಲಿದ್ದರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಹೋಂ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾಗಿ ದುಡಿದರು. ಊರೂರು ಸುತ್ತಿ ಅಮೆರಿಕನ್ನರಿಗೆ ಭಾರತದ ಪಾಡನ್ನು ಹೇಳಿದರು. ದವಾಖಾನೆಯ ದಾರಿ ತಪ್ಪಿದ್ದು ಅಲ್ಲಿಯೇ ಎಂದು ತೋರುತ್ತದೆ. 1921ರಲ್ಲಿ ತಾಯ್ನಾಡಿಗೆ ಮರಳಿದಾಗ ಅಸಹಕಾರ ಚಳವಳಿಯ ಕಾವು. ಅವರು ನೆಲೆಸಿದ್ದು ಹುಬ್ಬಳ್ಳಿಯಲ್ಲಿ. ಮನಸ್ಸು ಹಾಕಿದ್ದು ತರುಣರ ಸೇವಾಮಂಡಲ, ಹೆಣ್ಣುಮಕ್ಕಳ ಶಾಲೆ ಇಂಥ ಕೆಲಸಗಳಿಗೆ.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಬಾವುಟ ಹಿಡಿದು ನಡೆದವರನ್ನೆಲ್ಲ ಸರ್ಕಾರ ಸೆರೆಮನೆಗೆ ತುಂಬಿತು. ಸೆರೆಮನೆಯ ಕಾಟ ತಾಳದೆ ಬಹಳ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯಿಂದ ಹೋದ ಹರ್ಡೀಕರರ ತಂಡ ಬರೆದುಕೊಡಲಿಲ್ಲ. ಇದು ಕಾಂಗ್ರೆಸ್ಸಿನ ನಾಯಕರ ಕಣ್ಣಿಗೆ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು, ಹರ್ಡೀಕರರು ಅದರ ಜೀವ, ಹುಬ್ಬಳ್ಳಿ ಅದರ ಮನೆ.

ಸೇವಾದಳವೆಂದರೆ ಕವಾಯತು, ಶಿಸ್ತು, ಸಮವಸ್ತ್ರ ಎಂದು ಮಾತ್ರ ನಾವು ತಿಳಿದಿರುತ್ತೇವೆ. ಆ ದಿನಗಳಲ್ಲೂ ಹಾಗೆಯೇ ತಿಳಿದು, ಅಹಿಂಸೆಯ ಪಕ್ಷಕ್ಕೆ ಈ ಸೈನಿಕರ ವೇಷವೇಕೆಂದು ಆಕ್ಷೇಪಿಸಿದವರಿದ್ದರು. ಆದರೆ 1924ರ ಬೆಳಗಾವಿ ಅಧಿವೇಶನವನ್ನು ಸ್ವಲ್ಪ ಮನಸ್ಸಿನಲ್ಲಿ ತಂದುಕೊಳ್ಳಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಸಾವಿರಾರು ಜನ ಬಯಲಿನಲ್ಲಿ ಬಿಡಾರ ಹೂಡಿದ್ದಾರೆ. ನೀರಿಗಾಗಿ ಹೊಸದಾಗಿ ಬಾವಿ ತೋಡಲಾಗಿದೆ. ನಮ್ಮಲ್ಲಿ ಒಂದು ಜಾತ್ರೆ ಮುಗಿದರೆ ಹಿಂದೆಯೇ ವಾಂತಿಭೇದಿ ಬರುತ್ತಿದ್ದ ಕಾಲ ಅದು. ಆ ನೆನಪು ನಮ್ಮ ಹಿರಿಯರಿಗೆ ಇತ್ತು. ಅಂಥ ಕಡೆ ಜನರನ್ನು ಸಾಲು ಹಿಡಿಸುವುದು, ನೀರು ಕೆಡದಂತೆ ನೋಡುವುದು, ಪಾಯಖಾನೆ ತೊಳೆಯುವುದು ಇವೆಲ್ಲ ಸ್ವಯಂಸೇವಕರ ಪಾಲಿಗೆ ಬಂದವು. ಅದುವರೆಗೆ ಪೊರಕೆ ಮುಟ್ಟದ ಮನೆಗಳ ಹುಡುಗರು ಪಾಯಖಾನೆ ತೊಳೆದರು. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕಿ ಹೆಂಗಸರನ್ನು ಸ್ವಯಂಸೇವಕಿಯರಾಗಿ ಕೂಡಿಸಿ ತಂದರು. ಅವರಲ್ಲಿ ವಿಧವೆಯರೂ ಇದ್ದರು. ಆ ಕಾಲದಲ್ಲಿ ವಿಧವೆ ಹೊಸಿಲು ದಾಟಿ ಸಭೆಗೆ ಬರುವುದೆಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಶಿಗನ್‌ನಲ್ಲಿ ಕಲಿತ ವಿದ್ಯೆ ಬೆಳಗಾವಿಯ ಬಯಲಿನಲ್ಲಿ ಕೆಲಸಕ್ಕೆ ಬಂದಿತೆಂದೇ ನಮ್ಮ ಅಭಿಪ್ರಾಯ. ಕವಾಯತಿನ ಒಳಗೆ ಒಬ್ಬ ವೈದ್ಯನಿದ್ದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 1931ರಲ್ಲಿ ಸೇವಾದಳ ಕಾಂಗ್ರೆಸ್ಸಿನ ಅಂಗವಾಯಿತು; 1932ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು; ಹರ್ಡೀಕರರು ಸೆರೆಮನೆ ಕಂಡರು. ಅದೇ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲದ ಕಡೆ ಕರನಿರಾಕರಣೆ ನಡೆಯಿತು. ಕಂದಾಯ ಕೊಡೆವೆಂದ ರೈತರ ಗದ್ದೆ, ಅಡಿಕೆ ತೋಟಗಳು ಜಪ್ತಿಯಾದವು. ಫಸಲಿಗೆ ಬಂದ ತೋಟ ಕಣ್ಣೆದುರೇ ಬೇರೆಯವರ ಕೈಗೆ ಹೋಗುವುದೆಂದರೆ ಏನೆಂದು ಅಡಿಕೆ ಬೆಳೆದವನಿಗೇ ಗೊತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಆ ಭೂಮಿಗಳನ್ನು ಮರಳಿಸುವ ಕೆಲಸ ನಡೆಯಿತು.

ಆದರೆ ನಮ್ಮ ಹಿರಿಯಮ್ಮನ ಪ್ರಶ್ನೆಗೆ ಬೇಕಾದದ್ದು ಇನ್ನೊಂದು ಸಂಗತಿ. ಇಷ್ಟೆಲ್ಲ ಓಡಾಟದ ನಡುವೆ, 1929ರಲ್ಲಿ, ಗೋಕಾಕದ ಬಳಿಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಎಂಬ ಸಂಸ್ಥೆ ಹುಟ್ಟಿತು. ಡಾ. ಕೊಕಟನೂರ, ಡಾ. ವೈದ್ಯ ಇವರೊಡನೆ ಅದಕ್ಕೆ ಕೈಹಾಕಿದವರಲ್ಲಿ ಹರ್ಡೀಕರರೂ ಒಬ್ಬರು. ಹುಬ್ಬಳ್ಳಿಯಲ್ಲಲ್ಲ, ಬೆಳಗಾವಿಯಲ್ಲಲ್ಲ, ಹಳ್ಳಿಗಾಡಿನ ಹೊಳೆಯ ದಂಡೆಯಲ್ಲಿ ಆಸ್ಪತ್ರೆ. ಹಾಗೆ ನೋಡಿದರೆ ಚಳವಳಿಗೆ ಹೋದ ಡಾಕ್ಟರು ಹಳ್ಳಿಗೆ ಡಾಕ್ಟರನ್ನು ತಂದೂ ಇಟ್ಟರು. ನಮ್ಮದು ಸಹಕಾರ ಸಂಘದ ಪತ್ರಿಕೆಯಾದ್ದರಿಂದ ಇನ್ನೊಂದು ಮಾತನ್ನೂ ಸೇರಿಸಬೇಕು: ಅದೇ ಘಟಪ್ರಭೆಯಲ್ಲಿ ಸಹಕಾರ ತತ್ತ್ವದ ಮೇಲೆ ಜೆ.ಜಿ. ಸಹಕಾರಿ ಆಸ್ಪತ್ರೆಯೂ ಎದ್ದು ನಿಂತಿತು. ಬೀಜ, ಗೊಬ್ಬರ, ಸಾಲಗಳಿಗೆ ಸಂಘ ಕಟ್ಟಿದ ನಾವು ಆಸ್ಪತ್ರೆಗೂ ಸಂಘ ಕಟ್ಟಬಹುದೆಂದು ಯೋಚಿಸಿದ್ದು ಕಡಿಮೆ.

ಸ್ವಾತಂತ್ರ್ಯದ ನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಮಂತ್ರಿಪದವಿ ಬರಲಿಲ್ಲ. ಆರೋಗ್ಯವನ್ನೇ ವಿಶೇಷವಾಗಿ ಓದಿಬಂದ ಇಂಥವರಿಗೆ ಆರೋಗ್ಯ ಖಾತೆಯ ಒಂದು ಮೂಲೆಯೂ ಸಿಗಲಿಲ್ಲವಲ್ಲ ಎಂದು ನಮಗೆ ಅನ್ನಿಸುವುದುಂಟು. ಅವರು ಅದನ್ನು ಬಯಸಿದ್ದರೋ ಇಲ್ಲವೋ ಅದು ಬೇರೆ ಮಾತು. 1975ರ ಆಗಸ್ಟ್ 26ರಂದು ಅವರು ತೀರಿಕೊಂಡರು.

ಹರ್ಡೀಕರರು ಊರೊಂದರಲ್ಲಿ ಕುಳಿತು ರೋಗಿಗಳನ್ನು ನೋಡುತ್ತ ಹೆಸರಾದವರಲ್ಲ. ಹಿರಿಯಮ್ಮ ಕೇಳಿದ್ದು ಬಾಗಿಲು ಬಡಿದರೆ ಏಳುವ ಡಾಕ್ಟರ ವಿಚಾರ. ಅಂಥವರ ಉದಾಹರಣೆ ಬೇಕಾದರೆ ಘಟ್ಟದ ಕೆಳಗಿಳಿದು ಉಡುಪಿಗೆ ಹೋಗಬೇಕು.

ಡಾ. ವಿ.ಎಸ್. ಆಚಾರ್ಯರು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ಉಡುಪಿಯಲ್ಲೇ ರೋಗಿಗಳನ್ನು ನೋಡುತ್ತಿದ್ದ ವೈದ್ಯರು. 1968ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಉಡುಪಿ ಪುರಸಭೆಯ ಅಧ್ಯಕ್ಷರಾದರು. ದಕ್ಷಿಣ ಭಾರತದಲ್ಲಿ ಜನಸಂಘ ಆಡಳಿತ ಹಿಡಿದ ಮೊದಲ ಪುರಸಭೆ ಎಂದು ರಾಜಕೀಯದವರು ಅದನ್ನು ನೆನೆಯುತ್ತಾರೆ. ಪಕ್ಷದ ಮಾತು ನಮ್ಮ ಪತ್ರಿಕೆಯ ವಿಷಯವಲ್ಲ. ನಾವು ನೆನೆಯುವುದು ಪಾಯಖಾನೆಯ ವಿಚಾರಕ್ಕೆ. ಊಟದ ಹೊತ್ತಿನಲ್ಲಿ ಓದುವವರು ಕ್ಷಮಿಸಬೇಕು.

ಆಗ ನಮ್ಮ ಪೇಟೆಗಳಲ್ಲಿ ಹೆಚ್ಚಿನ ಪಾಯಖಾನೆಗಳು ಹೇಗಿದ್ದವೆಂದು ಅರುವತ್ತು ದಾಟಿದವರಿಗೆ ನೆನಪಿರಬೇಕು. ಮನೆಯ ಹಿಂದಿನ ಸಂದಿಯಲ್ಲಿ ಸಣ್ಣ ಬಾಗಿಲು. ಬೆಳಗ್ಗೆ ಒಬ್ಬರು ಬಂದು ಬಾಚಿ, ಡಬ್ಬದಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಹೋಗುವುದು. ಮಳೆಗಾಲದಲ್ಲಿ ಅದು ಹೊತ್ತವರ ಮೈಮೇಲೆ ಇಳಿಯುವುದು. ಕರಾವಳಿಯ ಮಳೆ ನಮಗೆ ಗೊತ್ತಿರುವುದೇ. ಬಾವಿ ಹತ್ತು ಮಾರು ದೂರದಲ್ಲಿ. ಮನೆಯವರ ಹೊಟ್ಟೆಯ ರೋಗಕ್ಕೂ, ಹೊತ್ತವರ ಚರ್ಮದ ಮತ್ತು ಶ್ವಾಸದ ರೋಗಕ್ಕೂ ಡಾಕ್ಟರು ಔಷಧ ಬರೆದುಕೊಡಬಹುದು; ಮರುದಿನ ಬೆಳಗ್ಗೆ ಅದೇ ಡಬ್ಬ, ಅದೇ ಬಾವಿ. ಚೀಟಿ ಬರೆಯುವ ಕೈಗೆ ಪುರಸಭೆಯ ರುಜು ಹಾಕುವ ಅಧಿಕಾರವೂ ಬಂದಾಗ ಉಡುಪಿಯಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ದೇಶದಲ್ಲೇ ಮೊದಲು ಹಾಗೆ ಮಾಡಿದ ಪುರಸಭೆಗಳ ಸಾಲಿನಲ್ಲಿ ಉಡುಪಿಯ ಹೆಸರಿದೆ. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ರಾಜ್ಯಕ್ಕೆಲ್ಲ ಅನ್ವಯವಾಗುವಂತೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅವರು ವೈದ್ಯರಲ್ಲ, ವಕೀಲರು. ಡಾಕ್ಟರೇ ರಾಜಕೀಯಕ್ಕೆ ಬರಬೇಕೆಂದೇನೂ ಇಲ್ಲ ಎಂಬುದಕ್ಕೆ ಇದನ್ನು ಹೇಳಿದೆವು.

ಆಚಾರ್ಯರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಗೆ ಹೋದರು, 1983ರಲ್ಲಿ ಶಾಸಕರಾದರು, 2008ರಲ್ಲಿ ರಾಜ್ಯದ ಗೃಹಸಚಿವರಾದರು, ಮುಂದೆ ಉನ್ನತ ಶಿಕ್ಷಣ ಖಾತೆಯನ್ನೂ ನೋಡಿಕೊಂಡರು. 2012ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಸಮಾರಂಭವೊಂದರಲ್ಲಿದ್ದಾಗಲೇ ಕುಸಿದುಬಿದ್ದು ತೀರಿಕೊಂಡರು. ದೊಡ್ಡ ಖಾತೆಗಳಲ್ಲಿ ಅವರು ಮಾಡಿದ್ದಕ್ಕಿಂತ ಸಣ್ಣ ಪುರಸಭೆಯಲ್ಲಿ ಮಾಡಿದ್ದೇ ದೊಡ್ಡದೆಂದು ನಮಗೆ ತೋರುತ್ತದೆ. ಒಪ್ಪದವರೂ ಇರಬಹುದು. ಆದರೆ 2010ರ ಜುಲೈನಲ್ಲಿ, ಅವರು ಮಂತ್ರಿಯಾಗಿದ್ದಾಗಲೇ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕುಟುಂಬದವರು ಪುರಸಭೆಯ ಮುಂದೆ ತಮ್ಮ ಮೈಗೇ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನೂ ಮರೆಯುವಂತಿಲ್ಲ. ಕಾನೂನು ಬಂದು ಮೂರೂವರೆ ದಶಕ ಕಳೆದಿತ್ತು.

ನಮ್ಮ ಮಲೆನಾಡಿನ ಕಡೆಯ ಒಂದು ಮಾತನ್ನೂ ಹೇಳಬೇಕು. ಚಳಿಜ್ವರದ ಭಯಕ್ಕೆ ಹೆಣ್ಣು ಕೊಡದ ಊರುಗಳು ನಮ್ಮಲ್ಲಿದ್ದವು. ಗಡ್ಡೆಯಾಗಿ ಊದಿದ ಹೊಟ್ಟೆಯ ಮಕ್ಕಳು, ಬೀಗ ಬಿದ್ದ ಮನೆಗಳು, ಕೊಯ್ಲಿಗೆ ಆಳಿಲ್ಲದ ತೋಟಗಳು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಮೂಡಿಗೆರೆ ಮೊದಲಾದ ಕಡೆ ಮಲೇರಿಯಾ ಕೇಂದ್ರಗಳನ್ನು ತೆರೆದು ಸೊಳ್ಳೆಗಳ ಬೆನ್ನು ಹತ್ತಿತು. ಯುದ್ಧದ ನಂತರ ಡಿ.ಡಿ.ಟಿ. ಬಂತು. ಕ್ವಿನೈನ್ ಕೊಟ್ಟ ಡಾಕ್ಟರುಗಳಿಗೆ ನಾವು ಋಣಿಗಳು; ಆದರೆ ಊರುಗಳು ಮತ್ತೆ ತುಂಬಿದ್ದು ಸೊಳ್ಳೆ ಹುಟ್ಟುವ ನೀರನ್ನು ನೋಡಿಕೊಂಡ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಾತ್ರ ಇಂದಿಗೂ ದರಗು ತರಲು, ಸೌದೆ ತರಲು ಕಾಡಿಗೆ ಹೋಗುವವರನ್ನು ಬಿಟ್ಟಿಲ್ಲ. ಅದರ ಉಣ್ಣೆಗೆ ಯಾವ ಪಕ್ಷದ ಬಾವುಟವೂ ಗೊತ್ತಿಲ್ಲ.

ಒಂಟಿಕೊಪ್ಪಲಿನಿಂದ ಹೊರಡುವ ಮುನ್ನ ಈ ಮಾತುಗಳಲ್ಲಿ ಕೆಲವನ್ನು ಹಿರಿಯಮ್ಮನಿಗೆ ಹೇಳಿದೆವು. ಆಕೆ ಅಡಿಕೆ ಕತ್ತರಿ ಕೆಳಗಿಟ್ಟು ಸಾವಧಾನವಾಗಿ ಕೇಳಿದರು. ಕೊನೆಗೆ, ‘ಸರಿ, ನಿಲ್ಲಲಿ. ಆದ್ರೆ ವಾರಕ್ಕೆ ಎರಡು ದಿನ ಷಾಪಲ್ಲಿ ಕೂತ್ಕೊಳ್ತೀನಿ ಅಂತ ಮೊದ್ಲೇ ಮಾತು ತಗೊಳ್ಳಿ. ಬಾಯ್ಮಾತಲ್ಲ, ಬರೆಸ್ಕೊಳ್ಳಿ’ ಎಂದರು. ಡಾಕ್ಟರ ಕ್ಲಿನಿಕ್ಕನ್ನು ನಮ್ಮ ಕಡೆ ಇನ್ನೂ ಷಾಪು ಎನ್ನುವವರಿದ್ದಾರೆ. ಆ ಡಾಕ್ಟರು ಈ ಲೇಖನ ಬರೆಯುವ ಹೊತ್ತಿಗೂ ಹೌದೆಂದಿಲ್ಲ, ಇಲ್ಲವೆಂದಿಲ್ಲ.

ಊರಿಗೆ ಬಂದ ಮರುದಿನ ನಾವು ನಮ್ಮದೇ ತೋಟದ ಲೈನ್ ಮನೆಗಳ ಹಿಂದೆ ಹೋಗಿ ನೋಡಿದೆವು. ಹೋಗದೆ ಎಷ್ಟು ತಿಂಗಳಾಗಿತ್ತೆಂದು ಹೇಳಲು ನಾಚಿಕೆ. ತೋಟದ ಆಳುಗಳಿಗೆ ಮನೆ, ನೀರು, ಪಾಯಖಾನೆ ಒದಗಿಸಬೇಕೆಂದು ತೋಟ ಕಾರ್ಮಿಕರ ಕಾಯ್ದೆ ಹೇಳಿದ್ದು 1951ರಲ್ಲಿ. ನಮ್ಮ ಲೈನಿನ ಎರಡು ಪಾಯಖಾನೆಗಳಲ್ಲಿ ಒಂದರ ಬಾಗಿಲು ಮಳೆಗಾಲದಲ್ಲಿ ಕಿತ್ತುಬಿದ್ದದ್ದು ಹಾಗೆಯೇ ಗೋಡೆಗೆ ಒರಗಿತ್ತು. ಇನ್ನೊಂದರ ಗುಂಡಿ ತುಂಬಿ, ಹೆಂಗಸರು ಕತ್ತಲಾದ ಮೇಲೆ ಹಳ್ಳದ ಕಡೆ ಹೋಗುತ್ತಿದ್ದರಂತೆ. ಆ ಹಳ್ಳದ ನೀರೇ ಕೆಳಗಿನ ಗದ್ದೆಯ ಬಯಲಿಗೆ. ರೈಟರನ್ನು ಕೇಳಿದರೆ, ‘ಸಾರ್, ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ’ ಎಂದ. ಗಾರೆಯವನು ಸೋಮವಾರ ಬರುತ್ತೇನೆಂದಿದ್ದಾನೆ. ಇಟ್ಟಿಗೆ ಬಂದು ಬಿದ್ದಿದೆ.